ಸ್ಯಾಮುಯೆಲ್ ಎಟೋ ಬರೀ ಓಟಗಾರನಲ್ಲ

ಕಳೆದ 25-30 ವರ್ಷಗಳಲ್ಲಿ ಯುರೋಪಿನಲ್ಲಿ ಆಡಿದ ಒಳ್ಳೆಯ ಸ್ಟ್ರೈಕರ್‌ಗಳು, ಅಂದರೆ ಗೋಲು ಹೊಡೆಯುವುದೇ ಮುಖ್ಯ ಕೆಲಸವಾದ ಆಟಗಾರರು, ಯಾರು ಅಂತ ಫುಟ್‌ಬಾಲ್ ನೋಡುವ ಯಾರನ್ನಾದರೂ ಕೇಳಿ. ಬ್ರೆಜಿಲ್‌ನ ರೊನಾಲ್ಡೊ, ಹೆನ್ರಿ, ಇಬ್ರಾಹಿಮೊವಿಚ್, ಸುವಾರೆಜ್, ಲೆವಾಂಡೊವ್ಸ್ಕಿ ಹೆಸರುಗಳು ಪಟಪಟ ಬರುತ್ತವೆ. ಕ್ಯಾಮರೂನಿನ ಸ್ಯಾಮುಯೆಲ್ ಎಟೋ ಹೆಸರು ಬರುವುದು ನಾವು ನೆನಪು ಮಾಡಿಕೊಟ್ಟ ಮೇಲೆ. ಆಗಲೂ ಒಂದೇ ಮಾತು: "ಹೌದಲ್ವಾ, ಎಟೋ! ಏನು ಸ್ಪೀಡ್ ಮಾರಾಯ ಅವನದು!"

ಸ್ಪೀಡ್ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಎಟೋ ಬಗ್ಗೆ ಹೇಳುವುದಕ್ಕೆ ಅದೊಂದೇ ಸಿಗುತ್ತದೆ ಅಂದರೆ ನನಗೆ ಸಿಟ್ಟು ಬರುತ್ತದೆ. ನಾನು ನೋಡಿದ ಸ್ಟ್ರೈಕರ್‌ಗಳಲ್ಲಿ ಅವನಷ್ಟು ತಲೆ ಓಡಿಸಿ ಆಡಿದವರು ಬಹಳ ಕಡಿಮೆ. ಆಫ್ರಿಕಾದವನು ಅನ್ನುವ ಕಾರಣಕ್ಕೆ ಅವನ ಕಾಲಿನ ಲೆಕ್ಕವನ್ನು ಮಾತ್ರ ಬರೆದಿಟ್ಟುಕೊಂಡು, ತಲೆಯ ಲೆಕ್ಕವನ್ನು ಬಿಟ್ಟುಬಿಟ್ಟರು ಅನ್ನುವುದು ನನ್ನ ವಾದ. ಸ್ವಲ್ಪ ಉದ್ದ ಬರೆಯುತ್ತೇನೆ, ಪುರುಸೊತ್ತಿದ್ದಾಗ ಓದಿ.

ಮೊದಲು ಸಾಧನೆಯ ಪಟ್ಟಿ ಹೇಳಿ ಮುಗಿಸುತ್ತೇನೆ. ಬಾರ್ಸಿಲೋನಾ ಪರ 199 ಪಂದ್ಯಗಳಲ್ಲಿ 130 ಗೋಲು. ಆಫ್ರಿಕಾದ ವರ್ಷದ ಆಟಗಾರ ಪ್ರಶಸ್ತಿ ನಾಲ್ಕು ಸಲ. ಆಫ್ರಿಕಾ ಕಪ್ ಎರಡು ಸಲ. ಆ ಟೂರ್ನಿಯಲ್ಲಿ ಒಟ್ಟು 18 ಗೋಲು, ಈ ದಾಖಲೆಯನ್ನು ಇನ್ನೂ ಯಾರೂ ಮುರಿದಿಲ್ಲ. ಒಂದೇ ಋತುವಿನಲ್ಲಿ ಲೀಗ್, ದೇಶದ ಕಪ್, ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಮೂರನ್ನೂ ಗೆಲ್ಲುವುದಕ್ಕೆ ಟ್ರೆಬಲ್ ಅನ್ನುತ್ತಾರಲ್ಲ, ಅದನ್ನು ಎಟೋ ಬೆನ್ನುಬೆನ್ನಿಗೆ ಎರಡು ವರ್ಷ ಗೆದ್ದ. 2009ರಲ್ಲಿ ಬಾರ್ಸಿಲೋನಾ ಜೊತೆ, 2010ರಲ್ಲಿ ಇಟಲಿಯ ಇಂಟರ್ ಮಿಲಾನ್ ಜೊತೆ. ಅವನಿಗಿಂತ ಮೊದಲು ಯಾವ ಆಟಗಾರನೂ ಇದನ್ನು ಮಾಡಿರಲಿಲ್ಲ.

ಶುರುವಾಗಿದ್ದು ಕ್ಯಾಮರೂನಿನ ದುವಾಲಾ ಊರಿನ ಕಾಜಿ ಅಕಾಡೆಮಿಯಿಂದ. 1997ರಲ್ಲಿ, 16ನೇ ವಯಸ್ಸಿಗೆ ರಿಯಲ್ ಮ್ಯಾಡ್ರಿಡ್ ಕರೆಸಿಕೊಂಡಿತು. ಕೇಳುವುದಕ್ಕೆ ಕನಸಿನ ಹಾಗಿದೆ. ಆದರೆ ಆ ವರ್ಷ ರಿಯಲ್‌ನ ಎರಡನೇ ತಂಡ ಮೂರನೇ ದರ್ಜೆಯ ಲೀಗ್‌ಗೆ ಇಳಿದಿತ್ತು. ಅಲ್ಲಿ ಐರೋಪ್ಯ ಒಕ್ಕೂಟದ ಹೊರಗಿನವರು ಆಡುವಂತಿರಲಿಲ್ಲ. ಹಾಗಾಗಿ ಹುಡುಗನನ್ನು ಲೆಗಾನೆಸ್ ತಂಡಕ್ಕೆ ತಾತ್ಕಾಲಿಕವಾಗಿ ಎರವಲು ಕಳಿಸಿದರು. ಆಮೇಲೆ ಎಸ್ಪಾನ್ಯೋಲ್. ಆಮೇಲೆ ಮಯೋರ್ಕಾ. ಈ ಅಲೆದಾಟದ ನಡುವೆಯೇ 1998ರ ವಿಶ್ವಕಪ್‌ನಲ್ಲಿ ಕ್ಯಾಮರೂನ್ ಪರ ಆಡಿದ. ಇಡೀ ಟೂರ್ನಿಯಲ್ಲೇ ಅತಿ ಕಿರಿಯ ಆಟಗಾರ ಅವನು.

ಮಯೋರ್ಕಾ ಒಂದು ದ್ವೀಪದ ತಂಡ. ದೊಡ್ಡ ದುಡ್ಡಿಲ್ಲ, ದೊಡ್ಡ ಹೆಸರಿಲ್ಲ. ಎಟೋ ಪೂರ್ತಿ ಆಟಗಾರನಾಗಿ ಬೆಳೆದಿದ್ದು ಅಲ್ಲಿಯೇ. ಲೂಯಿಸ್ ಅರಗೋನೆಸ್ ಅನ್ನುವ ಹಿರಿಯ ಕೋಚ್ ಕೈಕೆಳಗೆ 2000-01ರಲ್ಲಿ ಆ ತಂಡ ಸ್ಪೇನ್ ಲೀಗ್‌ನಲ್ಲಿ ಮೂರನೇ ಸ್ಥಾನಕ್ಕೆ ಬಂತು. 2003ರಲ್ಲಿ ಸ್ಪೇನಿನ ಕಿಂಗ್ಸ್ ಕಪ್ ಫೈನಲ್‌ನಲ್ಲಿ ರೆಕ್ರಿಯಾಟಿವೋ ತಂಡವನ್ನು 3-0ಯಿಂದ ಸೋಲಿಸಿತು, ಅದರಲ್ಲಿ ಎರಡು ಗೋಲು ಎಟೋನದು. ಮರುವರ್ಷ 2.4 ಕೋಟಿ ಯೂರೊ ಕೊಟ್ಟು ಬಾರ್ಸಿಲೋನಾ ಅವನನ್ನು ತಗೊಂಡಿತು. 16ನೇ ವಯಸ್ಸಿಗೇ ಕರೆಸಿಕೊಂಡ ಹುಡುಗನನ್ನು ಉಳಿಸಿಕೊಳ್ಳದೆ, ಪಕ್ಕಾ ಎದುರಾಳಿಯ ಪಾಲಾಗಲು ಬಿಟ್ಟದ್ದು ರಿಯಲ್ ಮ್ಯಾಡ್ರಿಡ್ ಮಾಡಿಕೊಂಡ ದೊಡ್ಡ ನಷ್ಟಗಳಲ್ಲಿ ಒಂದು ಅಂತ ನಾನು ಈಗಲೂ ಹೇಳುತ್ತೇನೆ.

ಈಗ ಆ ತಲೆಯ ವಿಚಾರಕ್ಕೆ ಬರೋಣ.

ಎಟೋನ ಗೋಲುಗಳನ್ನು ನೋಡುವಾಗ ನಾವು ಕೊನೆಯ ಎರಡು ಸೆಕೆಂಡ್ ನೋಡುತ್ತೇವೆ. ಚೆಂಡು ಬಂತು, ಓಡಿದ, ಹೊಡೆದ. ಅದಕ್ಕೆ ಮುಂಚಿನ ಐದಾರು ಸೆಕೆಂಡ್ ನೋಡಿ. ಅವನು ಡಿಫೆಂಡರ್‌ನ (ತಡೆಯಲು ನಿಂತ ಎದುರಾಳಿಯ) ಮುಂದೆ ನಿಲ್ಲುತ್ತಿರಲಿಲ್ಲ. ಅವನ ಕಣ್ಣಿಗೆ ಬೀಳದ ಕಡೆ, ಹೆಗಲ ಹಿಂದೆ ಎಲ್ಲೋ ನಿಂತಿರುತ್ತಿದ್ದ. ಡಿಫೆಂಡರ್‌ಗೆ ಚೆಂಡನ್ನೂ ನೋಡಬೇಕು, ಎಟೋನನ್ನೂ ನೋಡಬೇಕು. ಎರಡೂ ಒಟ್ಟಿಗೆ ಆಗುವುದಿಲ್ಲ. ಅವನು ಚೆಂಡಿನ ಕಡೆ ಕತ್ತು ತಿರುಗಿಸಿದ ಗಳಿಗೆಗೆ ಸರಿಯಾಗಿ ಎಟೋ ಹೊರಡುತ್ತಿದ್ದ. ಮೊದಲು ಒಂದು ಹೆಜ್ಜೆ ಸುಮ್ನೆ ಆ ಕಡೆ, ಆಮೇಲೆ ಈ ಕಡೆ. ಟೀವಿಯಲ್ಲಿ ನೋಡುವ ನಮಗೆ "ಅಬ್ಬಾ, ಏನು ವೇಗ" ಅನ್ನಿಸುತ್ತಿತ್ತು. ಅಸಲಿಗೆ ಅವನು ಡಿಫೆಂಡರ್‌ಗಿಂತ ಅರ್ಧ ಸೆಕೆಂಡ್ ಮೊದಲೇ ಹೊರಟಿರುತ್ತಿದ್ದ.

2009ರಲ್ಲಿ ರೋಮ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್ ಇದಕ್ಕೆ ಒಳ್ಳೆಯ ಉದಾಹರಣೆ. ಎದುರಿಗೆ ಮ್ಯಾಂಚೆಸ್ಟರ್ ಯುನೈಟೆಡ್. ಮೊದಲ ಒಂಬತ್ತು ನಿಮಿಷ ಬಾರ್ಸಿಲೋನಾಗೆ ಉಸಿರು ಬಿಡುವುದಕ್ಕೂ ಬಿಡಲಿಲ್ಲ. ಕ್ರಿಸ್ಟಿಯಾನೊ ರೊನಾಲ್ಡೊ ಹೊಡೆದಿದ್ದೇ ಹೊಡೆದಿದ್ದು. ಹತ್ತನೇ ನಿಮಿಷಕ್ಕೆ ಇನಿಯೆಸ್ಟಾ ಚೆಂಡು ತಂದು ಬಲಬದಿಯಲ್ಲಿದ್ದ ಎಟೋಗೆ ಕೊಟ್ಟ. ಎದುರಿಗೆ ವಿದಿಚ್, ಆಗಿನ ಕಾಲದ ಗಟ್ಟಿ ಡಿಫೆಂಡರ್. ಎಟೋ ಒಳಕ್ಕೆ ತಿರುಗಿದ, ವಿದಿಚ್ ಹಿಂದೆ ಉಳಿದ. ಕ್ಯಾರಿಕ್ ಜಾರಿಕೊಂಡು ಅಡ್ಡ ಬರುತ್ತಿದ್ದ. ಅಷ್ಟರಲ್ಲಿ ಎಟೋ ಕಾಲು ಎತ್ತಿ ಜೋರಾಗಿ ಹೊಡೆಯಲಿಲ್ಲ. ಕಾಲ್ಬೆರಳ ತುದಿಯಿಂದ ಹಾಗೇ ಚುಚ್ಚಿದ. ಗೋಲ್‌ಕೀಪರ್ ವಾನ್ ಡರ್ ಸಾರ್ ಸಿದ್ಧವಾಗುವ ಮೊದಲೇ ಚೆಂಡು ಹತ್ತಿರದ ಕಂಬದ ಪಕ್ಕದಿಂದ ಒಳಗೆ ಹೋಗಿತ್ತು. ಕಾಲೆತ್ತಿ ಹೊಡೆಯುವುದಕ್ಕೆ ಹೊರಟಿದ್ದರೆ ಕ್ಯಾರಿಕ್ ತಡೆಯುತ್ತಿದ್ದ. ಅಷ್ಟು ದೊಡ್ಡ ಪಂದ್ಯದಲ್ಲಿ, ಅಷ್ಟು ಕಡಿಮೆ ಸಮಯದಲ್ಲಿ, ಯಾವ ಹೊಡೆತ ಬೇಕು ಅಂತ ಲೆಕ್ಕ ಹಾಕುವ ತಲೆ ಅದು.

ಆ ವರ್ಷದ ಹಿಂದಿನ ಕತೆಯೂ ಗೊತ್ತಿರಬೇಕು. 2008ರಲ್ಲಿ ಗ್ವಾರ್ಡಿಯೋಲಾ ಕೋಚ್ ಆಗಿ ಬಂದ ಕೂಡಲೇ ರೊನಾಲ್ಡಿನ್ಯೋ, ಡೆಕೋ, ಎಟೋ ಮೂವರೂ ನನ್ನ ಲೆಕ್ಕದಲ್ಲಿ ಇಲ್ಲ ಅಂದುಬಿಟ್ಟ. ಮೊದಲಿನ ಇಬ್ಬರೂ ಹೋದರು. ಎಟೋ ಹೋಗಲಿಲ್ಲ. ಮುನಿಸಿಕೊಂಡು ಕೂರಲೂ ಇಲ್ಲ. ಅಭ್ಯಾಸದಲ್ಲಿ ಬೆವರು ಸುರಿಸಿ ತಂಡದೊಳಗೆ ಜಾಗ ಮಾಡಿಕೊಂಡ. ಆ ಋತುವಿನಲ್ಲಿ ಲೀಗ್ ಒಂದರಲ್ಲೇ 30 ಗೋಲು ಹೊಡೆದ. ಮೆಸ್ಸಿ 38, ಎಟೋ 36, ಹೆನ್ರಿ 26, ಎಲ್ಲಾ ಟೂರ್ನಿಗಳಲ್ಲಿ ಮೂವರದ್ದೂ ಕೂಡಿಸಿದರೆ ಸರಿಯಾಗಿ 100 ಗೋಲು.

ಅದೇ ವರ್ಷ ಮೇ 2ರಂದು ರಿಯಲ್ ಮ್ಯಾಡ್ರಿಡ್ ಅಂಗಳದಲ್ಲಿ ಬಾರ್ಸಿಲೋನಾ 6-2ರಿಂದ ಗೆದ್ದ ಪಂದ್ಯ ನಿಮಗೆ ನೆನಪಿರಬಹುದು. ಮೆಸ್ಸಿಯನ್ನು ನಡುವೆ ಸ್ವಲ್ಪ ಹಿಂದಕ್ಕೆ ನಿಲ್ಲಿಸಿ ಡಿಫೆಂಡರ್‌ಗಳ ತಲೆ ಕೆಡಿಸಿದ ಪಂದ್ಯ. ಗ್ವಾರ್ಡಿಯೋಲಾನ ಜಾಣತನದ ಬಗ್ಗೆ, ಮೆಸ್ಸಿಯ ಪ್ರತಿಭೆಯ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಬರೆಯಲಿ, ತಪ್ಪಿಲ್ಲ. ಆದರೆ ಆ ಜಾಗ ಖಾಲಿ ಮಾಡಿಕೊಟ್ಟವನು ಯಾರು? ನಡುವೆ ಆಡುತ್ತಿದ್ದ ಎಟೋ ಬಲಬದಿಗೆ ಹೋಗಿ ನಿಂತ. ಅವನು ಅಲ್ಲಿ ಅಗಲಕ್ಕೆ ನಿಂತು ಡಿಫೆಂಡರ್‌ಗಳನ್ನು ಎಳೆದು ಹಿಡಿದಿದ್ದಕ್ಕೇ ನಡುವೆ ಜಾಗ ತೆರೆಯಿತು. ಅವತ್ತು ಅವನಿಗೆ ಒಂದೂ ಗೋಲು ಸಿಗಲಿಲ್ಲ. ಲೀಗ್‌ನಲ್ಲಿ 30 ಗೋಲು ಹೊಡೆಯುವ ಸ್ಟ್ರೈಕರ್‌ಗೆ ಗೋಲಿನಿಂದ ದೂರ ನಿಲ್ಲು ಅಂದರೆ ಎಷ್ಟು ಜನ ಒಪ್ಪುತ್ತಾರೆ?

ಇಷ್ಟೆಲ್ಲ ಮಾಡಿದವನಿಗೆ ಎರಡು ತಿಂಗಳಲ್ಲಿ ಏನು ಸಿಕ್ಕಿತು ಗೊತ್ತಾ? ಇಬ್ರಾಹಿಮೊವಿಚ್ ಬೇಕು ಅಂತ ಬಾರ್ಸಿಲೋನಾ ಎಟೋನನ್ನೂ ಕೊಟ್ಟು, ಮೇಲೆ ಸುಮಾರು 4.6 ಕೋಟಿ ಯೂರೊ ದುಡ್ಡನ್ನೂ ಇಂಟರ್‌ಗೆ ಕೊಟ್ಟಿತು. ಟ್ರೆಬಲ್ ಗೆದ್ದುಕೊಟ್ಟ ಸ್ಟ್ರೈಕರ್‌ನನ್ನು ಹಳೇ ಟೀವಿ ಕೊಟ್ಟು ಹೊಸದು ತಗೊಳ್ಳುವ ಎಕ್ಸ್‌ಚೇಂಜ್ ಆಫರ್‌ನ ಹಾಗೆ ಕಳಿಸಿಬಿಟ್ಟರು.

ಆಮೇಲೆ ಬಂತು 2010ರ ಏಪ್ರಿಲ್. ಚಾಂಪಿಯನ್ಸ್ ಲೀಗ್ ಸೆಮಿಫೈನಲ್. ಇಂಟರ್ ಎದುರು ಬಾರ್ಸಿಲೋನಾ. ಐಸ್‌ಲ್ಯಾಂಡಿನ ಜ್ವಾಲಾಮುಖಿ ಬೂದಿಯಿಂದ ವಿಮಾನಗಳೆಲ್ಲ ನಿಂತು, ಬಾರ್ಸಿಲೋನಾ ತಂಡ ಮಿಲಾನ್‌ಗೆ ಬಸ್ಸಿನಲ್ಲಿ ಬಂದಿತ್ತು. ಅಲ್ಲಿ ಇಂಟರ್ 3-1ರಿಂದ ಗೆದ್ದಿತು. ಎರಡನೇ ಪಂದ್ಯ 28ನೇ ತಾರೀಖು, ಬಾರ್ಸಿಲೋನಾದ ಕ್ಯಾಂಪ್ ನೌನಲ್ಲಿ. ನಮ್ಮ ಕಡೆ ಮಧ್ಯರಾತ್ರಿ ದಾಟಿದ ಮೇಲೆ ಶುರುವಾಗಿತ್ತು. ಅರ್ಧ ಗಂಟೆಯೂ ಆಗಿಲ್ಲ, ಇಂಟರ್‌ನ ತಿಯಾಗೋ ಮೊಟ್ಟಾಗೆ ರೆಡ್ ಕಾರ್ಡ್. ಬುಸ್ಕೆಟ್ಸ್ ಮುಖ ಮುಚ್ಚಿಕೊಂಡು ಬಿದ್ದು, ಬೆರಳ ಸಂದಿಯಿಂದ ರೆಫರಿ ಕಡೆ ಇಣುಕಿ ನೋಡಿದ ದೃಶ್ಯ ಇವತ್ತಿಗೂ ಓಡಾಡುತ್ತದೆ. ಹತ್ತು ಜನ ಉಳಿದರು. ಎದುರಿಗೆ ಜಗತ್ತಿನ ಅತ್ಯುತ್ತಮ ತಂಡ, ಅದೂ ಅವರದೇ ಅಂಗಳದಲ್ಲಿ.

ಅಲ್ಲಿಂದ ಮುಂದೆ ಹತ್ತಿರ ಹತ್ತಿರ ಒಂದು ಗಂಟೆ ಎಟೋ ಸ್ಟ್ರೈಕರ್ ಆಗಿ ಇರಲೇ ಇಲ್ಲ. ಬದಿಯಲ್ಲಿ, ಅಂಚು ಕಾಯುವ ಡಿಫೆಂಡರ್, ಅಂದರೆ ಫುಲ್‌ಬ್ಯಾಕ್ ಪಕ್ಕಕ್ಕೇ ಬಂದು ನಿಂತ. ಕೆಲವೊಮ್ಮೆ ಅವನೇ ಫುಲ್‌ಬ್ಯಾಕ್. ತನ್ನದೇ ಪೆನಾಲ್ಟಿ ಪೆಟ್ಟಿಗೆಯ ಅಂಚಿನಲ್ಲಿ ಅಡ್ಡ ಓಡುವುದು, ಪಾಸ್ ಹೋಗುವ ದಾರಿ ಮುಚ್ಚುವುದು, ಚೆಂಡು ಆ ಬದಿಗೆ ಹೋದರೆ ಒಳಕ್ಕೆ ಸರಿಯುವುದು, ಈ ಬದಿಗೆ ಬಂದರೆ ಮತ್ತೆ ಹೊರಕ್ಕೆ. ನುಗ್ಗಿ ಕಾಲು ಹಾಕಿ ಚೆಂಡು ಕಸಿಯುವ ಚಪಲವನ್ನೂ ತಡೆದುಕೊಂಡ, ಒಂದು ಫೌಲ್ ಆದರೂ ಕತೆ ಮುಗಿಯುತ್ತಿತ್ತು. ಈ ಕೆಲಸ ಬರೀ ಓಟದಿಂದ ಆಗುವುದಿಲ್ಲ. ಬಾರ್ಸಿಲೋನಾ ಹೇಗೆ ಆಡುತ್ತದೆ, ಮುಂದಿನ ಪಾಸ್ ಎಲ್ಲಿಗೆ ಹೋಗುತ್ತದೆ ಅಂತ ಅಂಗೈ ರೇಖೆಯ ಹಾಗೆ ಗೊತ್ತಿದ್ದವನು ಆ ಮೈದಾನದಲ್ಲಿ ಇಂಟರ್ ಕಡೆ ಎಟೋ. ಐದು ವರ್ಷ ಅಲ್ಲೇ ಆಡಿದ್ದನಲ್ಲ. ಆ ಕಡೆ, ಅವನನ್ನು ಕೊಟ್ಟು ತಂದುಕೊಂಡ ಇಬ್ರಾಹಿಮೊವಿಚ್‌ನನ್ನು ಎರಡನೇ ಅರ್ಧದಲ್ಲಿ ಹೊರಗೆ ಕರೆಸಿಕೊಂಡರು. ಬಾರ್ಸಿಲೋನಾದ ಪಿಕೆ ಒಂದು ಗೋಲು ಹೊಡೆದ, ಅಷ್ಟೇ. ಎರಡೂ ಪಂದ್ಯ ಸೇರಿಸಿದರೆ ಒಟ್ಟು ಲೆಕ್ಕ 3-2. ಇಂಟರ್ ಫೈನಲ್‌ಗೆ ಹೋಯಿತು.

ಫೈನಲ್ ನಡೆದಿದ್ದು ಎಲ್ಲಿ? ಮ್ಯಾಡ್ರಿಡ್‌ನ ಬೆರ್ನಬ್ಯೂನಲ್ಲಿ. 16ರ ಹುಡುಗನಾಗಿ ಬಂದು, ಜಾಗ ಸಿಗದೆ ಊರೂರು ಸುತ್ತಿದನಲ್ಲ, ಅದೇ ರಿಯಲ್ ಮ್ಯಾಡ್ರಿಡ್‌ನ ಅಂಗಳ. ಬಯರ್ನ್ ಮ್ಯೂನಿಕ್ ವಿರುದ್ಧ ಇಂಟರ್ 2-0ಯಿಂದ ಗೆದ್ದಿತು, ಎರಡೂ ಗೋಲು ಮಿಲಿತೋದು. ಎರಡನೆಯದಕ್ಕೆ ಚೆಂಡು ಕೊಟ್ಟವನು ಎಟೋ.

ಇಷ್ಟಾದ ಮೇಲೆ ಪ್ರಶಸ್ತಿಗಳ ಕಡೆ ನೋಡಿ. ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ಯಾಲನ್ ಡೋರ್‌ನಲ್ಲಿ 2009ರಲ್ಲಿ ಎಟೋಗೆ ಐದನೇ ಸ್ಥಾನ. ಮೇಲಿನ ನಾಲ್ವರಲ್ಲಿ ಮೂವರು ಅವನ ಜೊತೆಗೇ ಆಡಿದವರು: ಮೆಸ್ಸಿ, ಷಾವಿ, ಇನಿಯೆಸ್ಟಾ. ಆ ಪ್ರಶಸ್ತಿ ಗೆದ್ದ ಆಫ್ರಿಕಾದ ಆಟಗಾರ ಇವತ್ತಿಗೂ ಒಬ್ಬನೇ, 1995ರಲ್ಲಿ ಲೈಬೀರಿಯಾದ ಜಾರ್ಜ್ ವಿಯಾ. ಮೆಸ್ಸಿಗೆ ಕೊಟ್ಟಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ನನ್ನ ತಕರಾರು ಬೇರೆ. ಷಾವಿ, ಇನಿಯೆಸ್ಟಾ ಬಗ್ಗೆ ಮಾತಾಡುವಾಗ ಎಲ್ಲರೂ "ದೃಷ್ಟಿ", "ಬುದ್ಧಿ", "ತಾಳ್ಮೆ" ಅಂದರು. ಎಟೋ ಬಗ್ಗೆ ಮಾತಾಡುವಾಗ "ಶಕ್ತಿ", "ವೇಗ", "ಹಸಿವು" ಅಂದರು. ಒಂದೇ ತಂಡ, ಒಂದೇ ಕೋಚ್, ಒಂದೇ ಆಟ.

ಇದು ನನ್ನ ಒಬ್ಬನ ಅನಿಸಿಕೆಯಲ್ಲ. 2020ರಲ್ಲಿ ಇಂಗ್ಲೆಂಡಿನ ಆಟಗಾರರ ಸಂಘದ ಜೊತೆ ಸೇರಿ ಒಂದು ಅಧ್ಯಯನ ಮಾಡಿದರು. ಯುರೋಪಿನ ನಾಲ್ಕು ಲೀಗ್‌ಗಳ 80 ಪಂದ್ಯಗಳ ಕಾಮೆಂಟರಿ ಕೂತು ಕೇಳಿದರು. ಬುದ್ಧಿವಂತಿಕೆಯ ಹೊಗಳಿಕೆ ಜಾಸ್ತಿ ಹೋಗಿದ್ದು ಬಿಳಿ ಮೈಬಣ್ಣದವರಿಗೆ, ಶಕ್ತಿ ಮತ್ತು ವೇಗದ ಹೊಗಳಿಕೆ ಜಾಸ್ತಿ ಹೋಗಿದ್ದು ಕಪ್ಪು ಮೈಬಣ್ಣದವರಿಗೆ. ವರ್ಷಗಟ್ಟಲೆ ಇಂಥ ಕಾಮೆಂಟರಿ ಕೇಳಿಸಿಕೊಂಡು ಬೆಳೆದ ನಮ್ಮ ಬಾಯಲ್ಲೂ ಅದೇ ಬರುತ್ತದೆ. ಯಾರೂ ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ. ಹೊಗಳುತ್ತಿದ್ದೇವೆ ಅಂತಲೇ ಅಂದುಕೊಂಡಿರುತ್ತೇವೆ.

ಸ್ಟೇಡಿಯಂನಲ್ಲಿ ಆಗುತ್ತಿದ್ದದ್ದು ಮಾತ್ರ ಹೊಗಳಿಕೆ ಅಲ್ಲ. 2006ರ ಫೆಬ್ರವರಿ 25. ಸರಗೋಸಾ ಊರಿನ ಲಾ ರೊಮರೇಡಾ ಸ್ಟೇಡಿಯಂ. ಎಟೋ ಕಾಲಿಗೆ ಚೆಂಡು ಬಂದಾಗಲೆಲ್ಲ ಪ್ರೇಕ್ಷಕರಲ್ಲಿ ಒಂದಷ್ಟು ಜನ ಮಂಗನ ಕೂಗು ಹಾಕುತ್ತಿದ್ದರು. ಎರಡನೇ ಅರ್ಧದಲ್ಲಿ ಕಾರ್ನರ್ ಕಿಕ್ ಹೊಡೆಯಲು ಹೋದಾಗ ಸಾಕಾಯಿತು. ಇನ್ನು ಆಡುವುದಿಲ್ಲ ಅಂತ ಹೊರಟ. ರೆಫರಿ ಬಂದ, ರೊನಾಲ್ಡಿನ್ಯೋ ಬಂದ, ಎದುರಾಳಿ ತಂಡದವರೂ ಬಂದು ತಡೆದರು. ಕೋಚ್ ರೈಕಾರ್ಡ್ ಸಮಾಧಾನ ಮಾಡಿದ. ಎಟೋ ವಾಪಸ್ ಬಂದ. ಬಂದು ಲಾರ್ಸನ್‌ಗೆ ಗೋಲು ಹೊಡೆಯುವಂಥ ಪಾಸ್ ಕೊಟ್ಟ. ಬಾರ್ಸಿಲೋನಾ 2-0ಯಿಂದ ಗೆದ್ದಿತು.

ಇದಕ್ಕೆ ಸರಗೋಸಾ ಕ್ಲಬ್‌ಗೆ ಬಿದ್ದ ದಂಡ 9,000 ಯೂರೊ. ಇದಕ್ಕೆ ಒಂದು ವರ್ಷ ಮುಂಚೆ, 2005ರಲ್ಲಿ, ಲೀಗ್ ಗೆದ್ದ ಸಂಭ್ರಮದಲ್ಲಿ ಮೈಕ್ ಹಿಡಿದು ರಿಯಲ್ ಮ್ಯಾಡ್ರಿಡ್ ಬಗ್ಗೆ ಕೆಟ್ಟ ಮಾತು ಕೂಗಿದ್ದಕ್ಕೆ ಎಟೋಗೆ ಬಿದ್ದ ದಂಡ 12,000 ಯೂರೊ. ಕೂಗಿದ್ದು ತಪ್ಪೇ, ಅವನೇ ಕ್ಷಮೆ ಕೇಳಿದ. ಆದರೆ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ತನ್ನ ಮಕ್ಕಳನ್ನು ಪಂದ್ಯ ನೋಡಲು ಸ್ಟೇಡಿಯಂಗೆ ಕರೆದುಕೊಂಡು ಹೋಗುವುದಿಲ್ಲ ಅಂತ ಎಟೋ ಆಗ ಹೇಳಿದ್ದ. ಅಪ್ಪ ಜಗತ್ತಿನ ದೊಡ್ಡ ಸ್ಟ್ರೈಕರ್, ಆದರೂ ಅವನ ಆಟವನ್ನು ಮಕ್ಕಳು ಮನೆಯಲ್ಲೇ ಕೂತು ನೋಡಬೇಕು.

2010ರ ಅಕ್ಟೋಬರ್‌ನಲ್ಲಿ ಇಟಲಿಯ ಕಾಲ್ಯಾರಿಯಲ್ಲೂ ಅದೇ ಕೂಗು. ರೆಫರಿ ಸ್ವಲ್ಪ ಹೊತ್ತು ಪಂದ್ಯ ನಿಲ್ಲಿಸಿದ. ಆ ಪಂದ್ಯದ ಒಂದೇ ಒಂದು ಗೋಲು ಎಟೋನದು. ಸ್ಪೇನಿನಲ್ಲಿ ಇಂಥದ್ದಕ್ಕೆ ಜೈಲು ಶಿಕ್ಷೆಯ ತೀರ್ಪು ಬಂದಿದ್ದು 2024ರಲ್ಲಿ. ವೆಲೆನ್ಸಿಯಾದಲ್ಲಿ ರಿಯಲ್ ಮ್ಯಾಡ್ರಿಡ್‌ನ ಬ್ರೆಜಿಲ್ ಆಟಗಾರ ವಿನಿಶಿಯಸ್‌ನನ್ನು ಹೀಯಾಳಿಸಿದ ಮೂವರಿಗೆ ಎಂಟು ತಿಂಗಳು. ಎಟೋ ಮೈದಾನ ಬಿಟ್ಟು ಹೊರಟ ಮೇಲೆ 18 ವರ್ಷ ಬೇಕಾಯಿತು.

ದೇಶದ ತಂಡದ ಕತೆಯಲ್ಲಿ ಖುಷಿಯೂ ಇದೆ, ಸಂಕಟವೂ ಇದೆ. 2000ದ ಸಿಡ್ನಿ ಒಲಿಂಪಿಕ್ಸ್ ಫೈನಲ್‌ನಲ್ಲಿ ಸ್ಪೇನ್ 2-0 ಮುಂದಿತ್ತು. ಕ್ಯಾಮರೂನ್ ಸಮ ಮಾಡಿತು, ಎರಡನೇ ಗೋಲು ಎಟೋನದು. ಪೆನಾಲ್ಟಿಯಲ್ಲಿ ಚಿನ್ನ. ಅವತ್ತು ಎದುರಿಗೆ ಸೋತು ನಿಂತಿದ್ದ ಷಾವಿ, ಪುಯೋಲ್ ಮುಂದೆ ಅವನ ಜೊತೆಗಾರರಾದರು. ಸಂಕಟ ಅಂದರೆ 2005ರ ಅಕ್ಟೋಬರ್ 8. ಯೌಂಡೆಯಲ್ಲಿ ಈಜಿಪ್ಟ್ ವಿರುದ್ಧ ಗೆದ್ದಿದ್ದರೆ ಕ್ಯಾಮರೂನ್ ವಿಶ್ವಕಪ್‌ಗೆ ಹೋಗುತ್ತಿತ್ತು. ಕೊನೆ ಗಳಿಗೆಯಲ್ಲಿ ಪೆನಾಲ್ಟಿ ಸಿಕ್ಕಿತು. ಪಿಯೆರ್ ವೊಮೆ ಹೊಡೆದ ಚೆಂಡು ಕಂಬಕ್ಕೆ ಬಡಿಯಿತು. ಅದೇ ದಿನ ಸೂಡಾನ್‌ನಲ್ಲಿ ಗೆದ್ದ ಐವರಿ ಕೋಸ್ಟ್ ಆ ಜಾಗಕ್ಕೆ ಹೋಯಿತು. ಅವರ ಸ್ಟ್ರೈಕರ್ ಡ್ರೋಗ್ಬಾ ತಂಡದವರ ಜೊತೆ ಮಂಡಿಯೂರಿ, ಆಯುಧ ಕೆಳಗಿಡಿ ಅಂತ ಅಂತರ್ಯುದ್ಧದಲ್ಲಿದ್ದ ತನ್ನ ದೇಶದವರನ್ನು ಬೇಡಿಕೊಂಡಿದ್ದು ಆ ಪಂದ್ಯ ಮುಗಿದ ಮೇಲೆಯೇ. ಆ ದೃಶ್ಯ ಎಷ್ಟು ಸಲ ನೋಡಿದರೂ ಗಂಟಲು ಕಟ್ಟುತ್ತದೆ. ಆದರೆ ಅದೇ ಹೊತ್ತಿಗೆ ಯೌಂಡೆಯಲ್ಲಿ, ಬದುಕಿನ ಅತ್ಯುತ್ತಮ ಫಾರ್ಮ್‌ನಲ್ಲಿದ್ದ 24 ವರ್ಷದ ಎಟೋ ವಿಶ್ವಕಪ್ ಕಳಕೊಂಡ.

2011ರಲ್ಲಿ ರಷ್ಯಾದ ಅಂಜಿ ತಂಡಕ್ಕೆ ಹೋಗಿದ್ದನ್ನು ದುಡ್ಡಿನ ಆಸೆ ಅಂತ ಬಹಳ ಜನ ಮೂಗು ಮುರಿದರು. ವರ್ಷಕ್ಕೆ 2 ಕೋಟಿ ಯೂರೊ ಅಂತ ಪತ್ರಿಕೆಗಳು ಬರೆದವು. ತಂಡ ಇರುತ್ತಿದ್ದದ್ದು ಮಾಸ್ಕೋದಲ್ಲಿ, ತವರಿನ ಪಂದ್ಯಕ್ಕೆ ವಿಮಾನ ಹತ್ತಿ ಮಖಚ್ಕಲಾಗೆ ಹೋಗಬೇಕು. ಆಟದ ದೃಷ್ಟಿಯಿಂದ ನಷ್ಟವೇ. ನನಗೂ ಬೇಜಾರಾಗಿತ್ತು. ಆದರೆ ಗೆಲ್ಲಬೇಕಾದ್ದನ್ನೆಲ್ಲ ಗೆದ್ದು, ಹಿಂದಿನ ಋತುವಿನಲ್ಲೇ ಇಂಟರ್‌ಗೆ 37 ಗೋಲು ಹೊಡೆದುಕೊಟ್ಟ 30 ವರ್ಷದ ಆಟಗಾರ ತನ್ನ ಬೆಲೆ ತಾನೇ ಹೇಳಿದರೆ ಅದರಲ್ಲಿ ತಪ್ಪೇನು?

ಇಂಗ್ಲೆಂಡಿನ ಚೆಲ್ಸಿ ತಂಡಕ್ಕೆ ಬಂದಾಗ ಇನ್ನೊಂದು ಹಳೇ ರಾಗ ಶುರುವಾಯಿತು, ವಯಸ್ಸಿನದು. ಆಫ್ರಿಕಾದ ಆಟಗಾರರು ವಯಸ್ಸು ಮುಚ್ಚಿಡುತ್ತಾರೆ ಅನ್ನುವ ಅನುಮಾನ ಇದ್ದೇ ಇದೆ. 2014ರಲ್ಲಿ ಅವನ ಕೋಚ್ ಮೊರಿನ್ಯೋನೇ ಎಟೋಗೆ 32 ವರ್ಷವೋ 35 ವರ್ಷವೋ ಯಾರಿಗೆ ಗೊತ್ತು ಅನ್ನುವ ಧಾಟಿಯಲ್ಲಿ ಆಡಿದ ಮಾತು ಕ್ಯಾಮೆರಾಗೆ ಸಿಕ್ಕಿಬಿಟ್ಟಿತು. ಕೆಲವೇ ದಿನಗಳಲ್ಲಿ ಟಾಟನ್‌ಹ್ಯಾಮ್ ವಿರುದ್ಧ ಎಟೋ ಗೋಲು ಹೊಡೆದ. ಕಾರ್ನರ್ ಧ್ವಜದ ಕೋಲು ಹಿಡಿದು, ಸೊಂಟದ ಮೇಲೆ ಕೈಯಿಟ್ಟು, ಮುದುಕನ ಹಾಗೆ ಬಗ್ಗಿ ನಿಂತ. ಅದೇ ವರ್ಷದ ಜನವರಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹ್ಯಾಟ್ರಿಕ್ ಬಾರಿಸಿದ್ದೂ ಇವನೇ.

ಕ್ಯಾಮರೂನ್ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷನಾಗಿ 2021ರಿಂದ ಅವನು ಮಾಡಿಕೊಂಡ ಜಗಳಗಳು ನನಗೆ ಇಷ್ಟವಾಗಿಲ್ಲ. ಸರ್ಕಾರದ ಜೊತೆ ಕೋಚ್ ನೇಮಕದ ಜಟಾಪಟಿ, ದೇಶದ ತಂಡದ ಪಂದ್ಯಗಳಿಗೆ ಹೋಗದಂತೆ ಫಿಫಾದಿಂದ ಆರು ತಿಂಗಳ ನಿಷೇಧ. ಆ ಲೆಕ್ಕವನ್ನು ಬೇರೆಯಾಗಿ ಮಾಡೋಣ. ಕುರ್ಚಿಯಲ್ಲಿ ಕೂತವನ ತಪ್ಪಿಗೆ ಮೈದಾನದ ಎಟೋನನ್ನು ಸಣ್ಣದು ಮಾಡುವುದು ಬೇಡ.

ಈಗ ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಅದೇ ಕನ್ನಡಕ ಹಾಕಿಕೊಂಡು ಈಗ ನೈಜೀರಿಯಾದ ವಿಕ್ಟರ್ ಒಸಿಮ್ಹೆನ್‌ನನ್ನು ನೋಡುತ್ತಿದ್ದೇವೆ. 2022-23ರಲ್ಲಿ ಇಟಲಿ ಲೀಗ್‌ನಲ್ಲಿ 26 ಗೋಲು ಹೊಡೆದು, 33 ವರ್ಷಗಳ ನಂತರ ನಾಪೊಲಿಗೆ ಕಪ್ ಗೆದ್ದುಕೊಟ್ಟ. ಕೆಲವೇ ತಿಂಗಳಲ್ಲಿ, ಅವನು ಒಂದು ಪೆನಾಲ್ಟಿ ತಪ್ಪಿಸಿದ್ದಕ್ಕೆ ಆ ಕ್ಲಬ್‌ನ ಟಿಕ್‌ಟಾಕ್ ಖಾತೆಯಲ್ಲೇ ಅವನನ್ನು ಅಣಕಿಸುವ ವಿಡಿಯೊ ಬಂತು. ಅವನ ಬಗ್ಗೆ ಏನು ಓದಿದರೂ ಮೊದಲು ಬರುವುದು ಲಾಗೋಸ್‌ನ ಟ್ರಾಫಿಕ್‌ನಲ್ಲಿ ನೀರಿನ ಪ್ಯಾಕೆಟ್ ಮಾರಿದ ಕತೆ. ಆಮೇಲೆ ಎತ್ತರ, ಜಿಗಿತ, ವೇಗ. ಕತೆ ನಿಜ, ಗೌರವವೂ ಇದೆ. ಆದರೆ ಅವನು ಎರಡು ಡಿಫೆಂಡರ್‌ಗಳ ನಡುವೆ ಎಲ್ಲಿ ನಿಲ್ಲುತ್ತಾನೆ, ಕ್ರಾಸ್ ಬರುವ ಮೊದಲು ಯಾವ ಕಡೆ ಸುಳ್ಳು ಹೆಜ್ಜೆ ಇಡುತ್ತಾನೆ, ಯಾವಾಗ ಓಡದೆ ಸುಮ್ನೆ ನಿಲ್ಲುತ್ತಾನೆ ಅನ್ನುವುದನ್ನು ಯಾರಾದರೂ ಬರೆದರೆ ನನಗೆ ಟ್ಯಾಗ್ ಮಾಡಿ. ಮುಂದಿನ ಸಲ ಅವನ ಟರ್ಕಿ ತಂಡ ಗಲಾಟಸರಾಯ್ ಪಂದ್ಯ ಹಾಕಿಕೊಂಡಾಗ ಹತ್ತು ನಿಮಿಷ ಚೆಂಡು ಬಿಟ್ಟು ಅವನೊಬ್ಬನನ್ನೇ ನೋಡಿ, ಕಂಡಿದ್ದನ್ನು ಇಲ್ಲೇ ಕಾಮೆಂಟ್‌ನಲ್ಲಿ ಬರೆಯಿರಿ.